ನಾಲ್ಕು ಸೆಂಟಿಮೀಟರಿನ ಅಡುಗೆಮನೆ

ದಿನವೂ ಇನ್ನೊಬ್ಬರಿಗೆ ಹೇಳುವ ಬುದ್ಧಿಮಾತು ನಮ್ಮ ಕಿವಿಗೆ ಮಾತ್ರ ಬೀಳುವುದೇ ಇಲ್ಲ. ಮಡಕಶಿರಾದಲ್ಲಿ ನಾನು ಸಮಾಜ ಪಾಠದ ಮೇಷ್ಟ್ರು. "ಎರಡು ನಕ್ಷೆ ಹೋಲಿಸೋಕೆ ಮುಂಚೆ ಮೂಲೇಲಿರೋ ಸ್ಕೇಲ್ ನೋಡ್ರೋ" ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಕಸುಬು. ಈಗ ಆ ಪಾಠ ಬಂದರೆ ಬೋರ್ಡಿನ ಕಡೆ ತಿರುಗಿಕೊಂಡೇ ಮುಗಿಸುತ್ತೇನೆ. ಮುಖ ತೋರಿಸಲು ನಾಚಿಕೆ.

ನನ್ನ ಹೆಂಡತಿ ಗಿರಿಜೆ ರಾಯದುರ್ಗದ ಕಡೆಯವಳು. ಮುದ್ದೆಯ ಸೀಮೆಗೆ ಬಂದು ಇಷ್ಟು ವರ್ಷವಾದರೂ ಜೋಳದ ರೊಟ್ಟಿ ಬಿಟ್ಟವಳಲ್ಲ. ಹೊಸ ಮನೆ ಕಟ್ಟಿಸುವಾಗ ಅವಳು ಕೇಳಿದ್ದು ಒಂದೇ: ಕಾಲು ಚಾಚಿ ಕುಳಿತು ರೊಟ್ಟಿ ಬಡಿಯುವಷ್ಟು ಅಡುಗೆಮನೆ. ಎರಡು ಪ್ಲಾನ್ ಬಂದವು. ನಮ್ಮೂರ ಇಂಜಿನಿಯರದು ಮಂಚದ ತುಂಬ ಹಾಸುವಂಥ ಹಾಳೆ. ರಾಯದುರ್ಗದಲ್ಲಿ ಕಟ್ಟಡದ ಕೆಲಸ ಮಾಡಿಸುವ ಅವಳ ತಮ್ಮ ಕಳಿಸಿದ್ದು ಅದರ ಕಾಲುಭಾಗವೂ ಇರಲಿಲ್ಲ. ಕಾಗದದಲ್ಲೂ ಜಿಪುಣ ಎಂದುಕೊಂಡೆ. ಪಟ್ಟಿ ಇಟ್ಟು ಅಳೆದರೆ ಇಂಜಿನಿಯರ ಅಡುಗೆಮನೆ ಅಗಲ ನಾಲ್ಕು ಸೆಂಟಿಮೀಟರು, ಅವಳ ತಮ್ಮನದು ಮೂರು.

"ನೋಡು, ನಿನ್ ತಮ್ಮ ನಿಂಗೆ ಬೆಂಕಿಪೊಟ್ಟಣ ಕೊಟ್ಟವ್ನೆ" ಎಂದೆ.

"ಎರಡಕ್ಕೂ ಅಳತಿ ಒಂದ ಐತೇನ್ರಿ?"

"ನಂಗೇ ಪಾಠ ಹೇಳ್ತೀಯಾ?"

ಇಂಜಿನಿಯರ ಪ್ಲಾನಿನಂತೆಯೇ ಪಾಯ ಹಾಕಿಸಿದೆ; ಅಡುಗೆಮನೆ ಕಿರಿದೆನಿಸಿತು. ಪಾಯದಲ್ಲಿ ಎಲ್ಲ ಕೋಣೆಯೂ ಹಾಗೇ ಕಾಣುತ್ತದೆ ಎಂದು ಮೇಸ್ತ್ರಿ ಸಮಾಧಾನ ಹೇಳಿದ. ಗೋಡೆ ಎದ್ದು, ಒಲೆಯ ಕಟ್ಟೆ ಬಂದ ಮೇಲೆ ಗಿರಿಜೆ ರೊಟ್ಟಿಯ ಹಲಗೆ ಮುಂದಿಟ್ಟುಕೊಂಡು ಕುಳಿತಳು. ಬೆನ್ನು ಗೋಡೆಗೆ, ಪಾದ ಕಟ್ಟೆಗೆ. ಆಗ ಹೋಗಿ ಎರಡೂ ಹಾಳೆಗಳ ಮೂಲೆ ನೋಡಿದೆ. ಅವಳ ತಮ್ಮನದರಲ್ಲಿ ಒಂದು ಸೆಂಟಿಮೀಟರಿಗೆ ಒಂದು ಮೀಟರು. ಇಂಜಿನಿಯರದರಲ್ಲಿ ಅರ್ಧ ಮೀಟರು. ನನ್ನ ನಾಲ್ಕು ಎಂದರೆ ಎರಡು ಮೀಟರು, ಅವನ ಮೂರು ಎಂದರೆ ಮೂರೇ ಮೀಟರು. ಹಾಳೆ ಸುತ್ತಿ ಅಟ್ಟಕ್ಕೆ ಹಾಕಿದೆ.

ಗೃಹಪ್ರವೇಶಕ್ಕೆ ಬಂದ ಅವಳ ತಮ್ಮ ಅಡುಗೆಮನೆಯೊಳಗೆ ಇಣುಕಿದ.

"ಮಾವ, ಇದು ಯಾಕ ಇಷ್ಟು ಸಣ್ಣದಾತ್ರಿ?"

ಗಿರಿಜೆಯೇ ನಡುವೆ ಬಂದಳು.

"ನಾನ ಹೇಳಿದ್ನೋ ತಮ್ಮ, ಸಣ್ಣದಿರ್ಲಿ ಅಂತ. ಒರಸಾಕ ಸಸಾರ ಆಗ್ತೈತಿ."

ಬೈದಿದ್ದರೆ ಒಳ್ಳೆಯದಿತ್ತು. ನಾನೂ ಹೌದೌದು ಎಂದು ತಲೆಯಾಡಿಸಿದೆ.

ಈಗ ಅವಳು ರೊಟ್ಟಿ ಬಡಿಯುವುದು ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ನನ್ನ ಕುರ್ಚಿಗೆಂದು ನಾನು ಗೊತ್ತುಮಾಡಿದ್ದ ಜಾಗದಲ್ಲಿ. ಹಿಟ್ಟು ಹಾರುತ್ತದೆಂದು ನಾನು ಉತ್ತರಪತ್ರಿಕೆ ಹಿಡಿದು ಅಡುಗೆಮನೆ ಸೇರಿದ್ದೇನೆ. ಮೊನ್ನೆ ಹುಡುಗನೊಬ್ಬ, "ಕಾಗದದ ಮೇಲೆ ದೊಡ್ಡದಾಗಿ ಕಂಡ ಊರೇ ದೊಡ್ಡ ಊರು" ಎಂದು ಬರೆದಿದ್ದ. ಕೆಂಪು ಪೆನ್ನಿನಿಂದ ಜೋರಾಗಿ ಗೀಟು ಎಳೆಯಲು ಹೋದೆ. ಮೊಣಕೈ ಗೋಡೆಗೆ ಬಡಿಯಿತು.

ನಡುಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. "ಏನಾತ್ರಿ?"

"ಏನಿಲ್ಲ" ಎಂದೆ, ಮೊಣಕೈ ಉಜ್ಜಿಕೊಳ್ಳುತ್ತ. "ಯಾರೋ ಒಬ್ಬ ತಪ್ಪು ಬರ್ದವ್ನೆ."