ಇಡ್ಲಿ ಹಿಟ್ಟಿಗೊಂದು ಸರಳರೇಖೆ

ಇದು ನಡೆದದ್ದು ಕಳೆದ ವರ್ಷ, ಫೆಬ್ರವರಿಯಿಂದ ಮೇ ತಿಂಗಳವರೆಗೆ. ಜಾಗ ಚೆನ್ನೈಯ ಬೆಸೆಂಟ್ ನಗರ, ನನ್ನ ಸೋದರಮಾವನ ಸಸ್ಯಾಹಾರಿ ಹೋಟೆಲು. ಲೆಕ್ಕವೆಲ್ಲ ಸರಿಯಿದ್ದೂ ಉತ್ತರ ಕೈಕೊಡುವುದು ನನಗೆ ಆಗಾಗ ಆಗುತ್ತದೆ. ಪ್ರಯೋಗಾಲಯದಲ್ಲಾದರೆ ಮತ್ತೊಮ್ಮೆ ಮಾಡಬಹುದು. ಹೋಟೆಲಿನಲ್ಲಿ ಗಿರಾಕಿ ಎಲೆ ಮುಂದೆ ಕೂತಿರುತ್ತಾರೆ.

ವಿಷಯ ಇಷ್ಟು. ಮೂವತ್ತು ವರ್ಷದಿಂದ ಇಡ್ಲಿ ಹಿಟ್ಟು ನೋಡಿಕೊಳ್ಳುತ್ತಿದ್ದ ಭಟ್ಟರಿಗೆ ಮೇ ತಿಂಗಳಲ್ಲಿ ಕಣ್ಣಿನ ಆಪರೇಷನ್. ಅದೇ ವಾರ ಹಳೆಯ ಗಿರಾಕಿಯೊಬ್ಬರ ಷಷ್ಟಿಪೂರ್ತಿ. ಸಂಜೆ ಐದಕ್ಕೆ ನಾನೂರು ಇಡ್ಲಿ ಎಂದು ಮಾವ ಮಾತು ಕೊಟ್ಟಾಗಿತ್ತು. "ಇಡ್ಲಿ ಕೆಟ್ಟರೆ ಹೋಟೆಲಿನ ಹೆಸರು ಅಂದಿಗೇ ಮುಗಿಯಿತು" ಎಂದು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಹುಡುಕುತ್ತಾ ಮಾವನ ಮನೆಯಲ್ಲಿದ್ದೆ. "ಹೆದರಬೇಡಿ, ಸೂತ್ರ ಮಾಡಿಕೊಡುತ್ತೇನೆ" ಎಂದೆ. ಸಂಜೆಯ ಹಿಟ್ಟನ್ನು ಬೆಳಿಗ್ಗೆ ಆರಕ್ಕೆ ರುಬ್ಬುತ್ತಿದ್ದರು. ರುಬ್ಬುವಾಗ ಅಡುಗೆಮನೆಯ ಉಷ್ಣಾಂಶ ಎಷ್ಟು, ಹಿಟ್ಟು ಉಬ್ಬಿ ಪಾತ್ರೆಯ ಗುರುತು ಮುಟ್ಟಲು ಎಷ್ಟು ಗಂಟೆ: ಹಾಳೆಯಲ್ಲಿ ಎರಡು ಖಾನೆ ಹಾಕಿಕೊಟ್ಟೆ. ಭಟ್ಟರು ತುಂಬಬೇಕು. ನಾನು ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಚುಕ್ಕೆ ಇಟ್ಟು, ಗೆರೆ ಎಳೆದರೆ ಸೂತ್ರ ಬರುತ್ತದೆ.

೧. ಮೊಳೆ

ಮೊದಲ ಐದು ದಿನವೂ ಉಷ್ಣಾಂಶ ನಲವತ್ತನಾಲ್ಕು. ಚೆನ್ನೈಯಲ್ಲವೇ ಎಂದು ನಂಬಿದೆ. ಆರನೆಯ ದಿನ, ಇದು ಫೆಬ್ರವರಿ ಎಂದು ನೆನಪಾಯಿತು.

ಒಳಗೆ ಹೋಗಿ ನೋಡಿದರೆ ನಾನು ತಂದುಕೊಟ್ಟ ಥರ್ಮಾಮೀಟರು ಕಾಫಿ ಬಾಯ್ಲರಿನ ನೆತ್ತಿಯ ಮೇಲೆ ನೇತಾಡುತ್ತಿದೆ.

"ಭಟ್ರೇ, ಇಲ್ಲಿ ಯಾಕೆ?"

"ಮೊಳೆ ಅಲ್ಲೇ ಉಂಟಲ್ಲ ಮಾರಾಯ್ತಿ."

ಎದುರು ಗೋಡೆಗೆ ನಾನೇ ಹೊಸ ಮೊಳೆ ಹೊಡೆದೆ. ಮರುದಿನ ಆ ಮೊಳೆಯಲ್ಲಿ ಭಟ್ಟರ ಅಂಗಿ ಇತ್ತು. ಥರ್ಮಾಮೀಟರು ಅಂಗಿಯ ಜೇಬಿನಲ್ಲಿತ್ತು.

೨. ಶಾಲೆಯ ಬೆಲ್ಲು

ಎರಡನೆಯ ಖಾನೆಯಲ್ಲಿ ಗಂಟೆಗಳೇ ಇರಲಿಲ್ಲ. "ಬೆಲ್ಲಿಗೆ ಸ್ವಲ್ಪ ಮೊದಲು." "ಬೆಲ್ಲಾಗಿ ಮಕ್ಕಳ ಗಲಾಟೆ ಮುಗಿದ ಮೇಲೆ." ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಎದುರಿನ ಶಾಲೆಯಲ್ಲಿ ನಾಲ್ಕು ಗಂಟೆಗೆ ಹೊಡೆಯುವ ಬೆಲ್ಲೇ ಭಟ್ಟರ ಗಡಿಯಾರ.

ನಾನು ಎರಡು ದಿನ ಗೇಟಿನ ಬಳಿ ನಿಂತು ಗಲಾಟೆಯನ್ನು ಅಳೆದೆ. ಸರಾಸರಿ ಹನ್ನೊಂದು ನಿಮಿಷ. ಶಾಲೆಯ ಕಾವಲುಗಾರ ನನ್ನನ್ನು ಸಂಶಯದಿಂದ ನೋಡತೊಡಗಿದ.

ಆದರೆ ಭಾನುವಾರದ ಖಾನೆಗಳೆಲ್ಲ ಖಾಲಿ.

"ಭಾನುವಾರ ಹಿಟ್ಟು ಉಬ್ಬಲಿಲ್ವಾ ಭಟ್ರೇ?"

"ಉಬ್ಬಿತ್ತು."

"ಮತ್ತೆ ಬರೆಯಲಿಲ್ಲ?"

"ಬೆಲ್ಲೇ ಆಗದಿದ್ರೆ ಎಂತ ಬರೆಯುದು?"

ಅಡುಗೆಮನೆಗೆ ಗಡಿಯಾರ ತಂದೆ. ಅದಕ್ಕೆ ಮೂರನೆಯ ಮೊಳೆ.

೩. ಮಾವನ ಗೆರೆ

ಏಪ್ರಿಲ್ ಕೊನೆಗೆ ಪರದೆಯ ಮೇಲೆ ಚುಕ್ಕೆಗಳು ಹರಡಿ ಕೂತವು. ಭಟ್ಟರು ಕನ್ನಡಕ ಏರಿಸಿ ನೋಡಿದರು. "ಎಂತ ಇದು, ಸೊಳ್ಳೆ ಕಚ್ಚಿದ ಹಾಗೆ?"

ನಾನು ಕಾಫಿ ತರಲು ಎದ್ದಿದ್ದಷ್ಟೇ. ವಾಪಸು ಬರುವಾಗ ಮಾವ ಗೆರೆ ಎಳೆದುಬಿಟ್ಟಿದ್ದರು. ಸ್ಪ್ರೆಡ್‌ಶೀಟಿನ ಪಟ್ಟಿಯಲ್ಲಿದ್ದ ಗೆರೆಗಳನ್ನೆಲ್ಲ ಒತ್ತಿ ನೋಡಿ, ಕೊನೆಗೆ ಆರನೆಯ ಘಾತದ ಬಹುಪದೋಕ್ತಿಗೆ ಮನಸೋತಿದ್ದರು. ಗೆರೆ ಹಾವಿನಂತೆ ಹೊರಳುತ್ತಾ ಆದಷ್ಟು ಚುಕ್ಕೆಗಳನ್ನು ಮುಟ್ಟುತ್ತಿತ್ತು.

"ಇದು ಚಂದ ಉಂಟು. ಯಾರಿಗೂ ಬೇಜಾರು ಮಾಡುದಿಲ್ಲ."

"ಮಾವ, ಇದು ಇದ್ದ ಚುಕ್ಕೆಗೆ ಮಾತ್ರ. ನಾಳೆಯದು ಹೇಳಲು ಬರುವುದಿಲ್ಲ."

"ನೀನು ಕೇಳಿ ನೋಡು. ಷಷ್ಟಿಪೂರ್ತಿ ದಿನ ನಲವತ್ತು ಡಿಗ್ರಿ ಇದ್ದರೆ?"

ಸೂತ್ರಕ್ಕೆ ನಲವತ್ತು ಹಾಕಿದೆ. ಉತ್ತರ: ಮೈನಸ್ ಹದಿಮೂರು ಗಂಟೆ.

ಮಾವ ಉತ್ತರವನ್ನು ಇನ್ನೊಮ್ಮೆ ಓದಿದರು. "ಹಾಗಾದರೆ ರುಬ್ಬುವ ಅಗತ್ಯವೇ ಇಲ್ಲ. ಹಿಂದಿನ ದಿನವೇ ಉಬ್ಬಿರುತ್ತದೆ."

೪. ಎರಡೇ ಖಾನೆ

ನಾನು ಆ ಹಾವನ್ನು ಅಳಿಸಿ ಸರಳರೇಖೆ ಎಳೆದೆ. ಗೆರೆ ನೆಲದಂತೆ ಮಟ್ಟಸವಾಗಿ ಮಲಗಿತು. ಇಳಿಜಾರು ಹೆಚ್ಚು ಕಡಿಮೆ ಸೊನ್ನೆ. ಉಷ್ಣಾಂಶ ಇಪ್ಪತ್ತೇಳಿರಲಿ, ಮೂವತ್ತನಾಲ್ಕಿರಲಿ, ಹಿಟ್ಟಿಗೆ ಹತ್ತು ಗಂಟೆ.

"ಮಾವ, ಸೆಕೆಗೂ ಹಿಟ್ಟಿಗೂ ಸಂಬಂಧವೇ ಇಲ್ಲ."

"ಸೆಕೆಗೆ ಹಿಟ್ಟು ಬೇಗ ಹುಳಿ ಬರ್ತದೆ. ಯಾವ ಹೆಂಗಸನ್ನು ಬೇಕಾದರೂ ಕೇಳು."

"ಅರವತ್ತೆಂಟು ಚುಕ್ಕೆಗಳು ಬೇರೆ ಹೇಳುತ್ತಿವೆ."

ಅರವತ್ತೆಂಟು ಎಂದ ಮೇಲೆ ಮಾವ ಒಪ್ಪಿದರು. ಸೂತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಭಟ್ಟರು ಆಪರೇಷನ್ ಮಾಡಿಸಿಕೊಂಡು, ಕ್ರೋಂಪೇಟೆಯ ಮಗಳ ಮನೆಯಲ್ಲಿ ಮಲಗಿದರು.

ಷಷ್ಟಿಪೂರ್ತಿಯ ದಿನ ಬೆಳಿಗ್ಗೆ ಆರಕ್ಕೇ ಅಡುಗೆಮನೆ ಮೂವತ್ತಾರು ಡಿಗ್ರಿ. ಹಿಟ್ಟು ರುಬ್ಬುವ ಅಕ್ಕ ಬಕೆಟ್ಟು ಹಿಡಿದು ಬಂದಳು. ಅಳತೆ ತಪ್ಪಬಾರದೆಂದು ಅವಳನ್ನು ಪಕ್ಕಕ್ಕೆ ನಿಲ್ಲಿಸಿ, ನಳ್ಳಿಯ ನೀರನ್ನು ಜಾಡಿಯಲ್ಲಿ ಅಳೆದು ನಾನೇ ಹಾಕಿದೆ. ನಾಲ್ಕಕ್ಕೆ ಹಿಟ್ಟು, ಐದಕ್ಕೆ ಇಡ್ಲಿ. ಎಲ್ಲ ಗೋಡೆಯ ಮೇಲಿತ್ತು.

ಹನ್ನೊಂದಕ್ಕೆ ಅಕ್ಕ ತಮಿಳಿನಲ್ಲಿ ನನ್ನನ್ನು ಕೂಗಿದಳು: "ಪಾಪಾ, ಪೊಂಗುದು! ಓಡಿ ವಾ!" ಹಿಟ್ಟು ಉಕ್ಕುತ್ತಿದೆಯಂತೆ.

ಆರು ಪಾತ್ರೆಗಳ ಹಿಟ್ಟೂ ಗುರುತು ದಾಟಿ, ಮುಚ್ಚಳ ಎತ್ತಿ, ನೆಲಕ್ಕಿಳಿದು ಮೋರಿಯ ಕಡೆಗೆ ಹೊರಟಿತ್ತು. ಮಾವ ಗೋಡೆಯ ಸೂತ್ರ ನೋಡಿದರು. ಗಡಿಯಾರ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಭಟ್ಟರಿಗೆ ಫೋನು ಮಾಡಿದೆ.

"ಐಸು ಎಷ್ಟು ಹಾಕಿದ್ದಿ?"

"ಯಾವ ಐಸು?"

"ಸೆಕೆ ಜಾಸ್ತಿ ಇದ್ದರೆ ರುಬ್ಬುವಾಗ ಐಸು. ತಂಪಿದ್ದರೆ ಬಿಸಿನೀರು. ಇಲ್ಲದಿದ್ದರೆ ದಿನಾ ಹತ್ತು ಗಂಟೆಗೆ ಹೇಗೆ ಬರ್ತದೆ? ಅಕ್ಕ ಬಕೆಟ್ಟಲ್ಲಿ ತರ್ತಾಳಲ್ಲ."

ತಿರುಗಿ ನೋಡಿದೆ. ಅಕ್ಕನ ಬಕೆಟ್ಟು ಮೂಲೆಯಲ್ಲಿತ್ತು. ಐಸು ಕರಗಿ ನೀರಾಗಿತ್ತು.

"ನೀವು ಬರೆಯಲೇ ಇಲ್ಲ ಭಟ್ರೇ!"

"ನೀನು ಎರಡೇ ಖಾನೆ ಕೊಟ್ಟದ್ದಲ್ವಾ?"

ಭಟ್ಟರು ಸಮಾಧಾನಕ್ಕೆಂದು ಮುಂದುವರಿಸಿದರು: "ಮೊದಲೆಲ್ಲ ಐಸು ಅಂದಾಜಿಗೆ ಹಾಕ್ತಿದ್ದೆ. ಹಿಂದೆ ಮುಂದೆ ಆಗ್ತಿತ್ತು. ನೀನು ಥರ್ಮಾಮೀಟರು ತಂದ ಮೇಲೆ ಅದನ್ನು ನೋಡಿಯೇ ಹಾಕುದು. ಭಾರೀ ಉಪಕಾರ ಆಯ್ತು ಮಾರಾಯ್ತಿ. ಈಗ ಅಳಬೇಡ. ಅದು ಇಡ್ಲಿಗೆ ಆಗುದಿಲ್ಲ. ಪಾತ್ರೆ ಐಸಿನಲ್ಲಿ ಇಡು, ಈರುಳ್ಳಿ ಕೊಚ್ಚಿಸು. ಉತ್ತಪ್ಪ."

ಮಾವ ಗಿರಾಕಿಗೆ ಫೋನು ಮಾಡಿ, ಮಾತು ತಪ್ಪಿದ್ದನ್ನು ಒಪ್ಪಿಕೊಂಡರು. ಮಾವನ ಹಣೆಯ ಬೆವರು ಮೀಸೆಗೆ ಇಳಿಯಿತು. ಕೊನೆಗೆ ಗಿರಾಕಿ ಹೇಳಿದರಂತೆ: "ಅರವತ್ತು ವರ್ಷ ಇಡ್ಲಿಯೇ ತಿಂದಿದ್ದೇನೆ. ಇವತ್ತೊಂದು ದಿನ ಬಿಡಿ."

ಸ್ಪ್ರೆಡ್‌ಶೀಟಿಗೆ ಮೂರನೆಯ ಖಾನೆ ಸೇರಿಸಿದೆ. ಅಂದಿನ ಸಾಲು ಹೀಗಿದೆ: ಉಷ್ಣಾಂಶ ಮೂವತ್ತಾರು, ಹೊತ್ತು ಐದು ಗಂಟೆ, ಐಸು ಸೊನ್ನೆ. ಬಡಿಸಿದ ಉತ್ತಪ್ಪ ಮುನ್ನೂರ ತೊಂಬತ್ತೆರಡು. ಇಡ್ಲಿ ಸೊನ್ನೆ.