ಹವಳದ ಮೇಲೆ ನಾಲ್ಕು ಟ್ಯೂಬ್‌ಲೈಟು

ಬೆಳಕು ಹೆಚ್ಚಾದರೆ ಕೇಡು ಎಂದು ಯಾರಾದರೂ ಹೇಳಿದ್ದರೆ, ಹೋದ ವರ್ಷದವರೆಗೆ ನಾನು ಅವರ ಮನೆಗೇ ಹೋಗಿ ಇನ್ನೆರಡು ಟ್ಯೂಬ್ ಹಾಕಿ ಬರುತ್ತಿದ್ದೆ. ಸಿಂದಗಿಯಲ್ಲಿ ಮೂವತ್ತು ವರ್ಷದಿಂದ ಬಲ್ಬು, ವೈರು, ಹೋಲ್ಡರು ಮಾರಿ ಬದುಕಿದವನು ನಾನು. ಮೊದಲು ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿದೆ, ಆಮೇಲೆ ಡಬ್ಬಿ ಅಂಗಡಿ ಇಟ್ಟೆ, ಈಗ ಷಟರ್ ಇರುವ ಅಂಗಡಿ. ಗಿರಾಕಿ ಒಂದು ಬಲ್ಬ್ ಕೇಳಲು ಬಂದರೆ ಅವರ ಮನೆಯ ಕಿಟಕಿ ಯಾವ ದಿಕ್ಕಿಗಿದೆ, ಅಡುಗೆಮನೆಯಲ್ಲಿ ಎಷ್ಟು ಕತ್ತಲೆ, ಓದುವ ಮಕ್ಕಳಿಗೆ ಬೆಳಕು ಎಡಕ್ಕೋ ಬಲಕ್ಕೋ ಎಂದೆಲ್ಲ ವಿಚಾರಿಸಿ ಸಲಹೆ ಕೊಟ್ಟು ಕಳಿಸುವುದು ನನ್ನ ಪದ್ಧತಿ. ಸಲಹೆಗೆ ನಾನು ಕಾಸು ತೆಗೆದುಕೊಳ್ಳುವವನಲ್ಲ. ಆದ್ದರಿಂದ ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲವೆಂದೇ ತಿಳಿದಿದ್ದೆ.

ನನ್ನ ಮಗಳು ಶೈಲಾ ಇಂಡಿಯಲ್ಲಿ ಹಲ್ಲಿನ ಡಾಕ್ಟರು. ಅವಳ ದವಾಖಾನೆಯಲ್ಲಿ ರೋಗಿಗಳು ಕೂಡುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಉಪ್ಪುನೀರು, ಎರಡು ಕಿತ್ತಳೆ ಮೀನು, ಕೆಲವು ಕಲ್ಲು. ಮೊದಲ ಸಲ ನೋಡಿದಾಗ, ‘ಮೀನ ಎರಡೇ ಅದಾವ, ಕಲ್ಲಿಗೆ ಯಾಕವ್ವ ಇಷ್ಟು ರೊಕ್ಕ ಸುರದಿ?’ ಎಂದಿದ್ದೆ. ‘ಅಪ್ಪಾ, ಅದು ಕಲ್ಲಲ್ಲ. ಹವಳ. ಜೀವ ಐತಿ ಅದಕ್ಕ’ ಎಂದಳು. ನನಗೆ ಗಾಬರಿಯಾಯಿತು. ಹವಳವೆಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಎಂದು ತಿಳಿದಿದ್ದವನು ನಾನು. ಇದು ನೋಡಿದರೆ ನೇರಳೆ ಬಣ್ಣದ ಹೂಕೋಸಿನಂತೆ ಟೊಂಗೆ ಬಿಟ್ಟುಕೊಂಡು ನಿಂತಿದೆ, ಮೇಲಾಗಿ ಉಣ್ಣುತ್ತದಂತೆ, ಬೆಳೆಯುತ್ತದಂತೆ! ನಾಲ್ಕು ವರ್ಷದ ಹಿಂದೆ, ದವಾಖಾನೆ ತೆರೆದ ವಾರ ಹೆಬ್ಬೆರಳಿನಷ್ಟಿದ್ದ ತುಂಡನ್ನು ತಂದಿದ್ದಳು. ಅದರ ಜೊತೆ ತಂದ ಬೇರೆಯವೆಲ್ಲ ನಮ್ಮ ಬೇಸಿಗೆಗೆ ಸತ್ತವು. ‘ಇದೊಂದ ಉಳದೈತಿ ಅಪ್ಪಾ. ಇದು ಹೋದ್ರ ಮತ್ತ ನಾ ತೊಟ್ಟಿ ಇಡಂಗಿಲ್ಲ’ ಎಂದು ಆ ಗಾಜಿಗೆ ಕೈಯಿಟ್ಟು ಹೇಳಿದ್ದಳು.

ಅವಳದೊಂದೇ ತಕರಾರು. ತೊಟ್ಟಿಯ ಮೇಲೆ ಎಲ್‌ಇಡಿ ದೀಪವಿತ್ತು. ಎಲ್‌ಇಡಿ ಬೆಳಕು ಚೂಪು. ಅದು ಒಂದು ಕಡೆಯಿಂದ ಬಿದ್ದರೆ ಇನ್ನೊಂದು ಕಡೆ ಗಟ್ಟಿ ನೆರಳು. ಹವಳದ ನೆತ್ತಿ ನೇರಳೆ, ಬುಡ ಮಾತ್ರ ಮಂಕಾಗಿ ಕಂದುಬಣ್ಣ. ಇದನ್ನು ಅವಳು ಹೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಟ್ಯೂಬ್‌ಲೈಟಿನ ಗುಣವೇ ಬೇರೆ. ಅದು ಉದ್ದಕ್ಕೂ ಹರಡಿಕೊಂಡು ಮೋಡದ ದಿನದ ಆಕಾಶದಂತೆ ಎಲ್ಲ ಮೂಲೆಗೂ ಬೆಳಕು ಕೊಡುತ್ತದೆ. ಎರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದು ಇವತ್ತಿಗೂ ನಾನು ಎದೆತಟ್ಟಿ ಹೇಳುವ ಮಾತು. ಅದಕ್ಕೆ ಸರಿಯಾಗಿ ಮುದ್ದೇಬಿಹಾಳದಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಿಂದ ಚೌಕಾಸಿ ಮಾಡಿ ಮಾಡಿ, ಆ ಮಾಲೀಕ ಕೊನೆಗೆ ‘ಒಯ್ದು ಪುಣ್ಯ ಕಟ್ಟಿಕೊಳ್ರಿ’ ಎಂದು ಕೈಮುಗಿದ ಮೇಲೆ ತಂದ ತೆಳು ಟ್ಯೂಬುಗಳ ರಾಶಿ ನನ್ನ ಗೋದಾಮಿನಲ್ಲಿತ್ತು. ಎಲ್‌ಇಡಿ ಬಂದ ಮೇಲೆ ಅವನ್ನು ಕೇಳುವವರೇ ಇರಲಿಲ್ಲ. ಮಗಳ ಹವಳ ಕೇಳುತ್ತಿದೆ ಎಂದರೆ ನನಗಾದ ಆನಂದವನ್ನು ನೀವೇ ಊಹಿಸಿಕೊಳ್ಳಿ.

ಶೈಲಾ ಎಂಟು ದಿನದ ತರಬೇತಿಗೆ ಹೋಗುವಾಗ, ಆವಿಯಾದಷ್ಟು ಸಿಹಿನೀರು ಹಾಕುವುದು, ಮೀನಿಗೆ ಚಿಟಿಕೆ ಆಹಾರ ಹಾಕುವುದು, ಇಷ್ಟನ್ನೇ, ಅಂಗಡಿ ಮುಚ್ಚಿ ಇಂಡಿಗೆ ಬಂದು ಉಳಿದ ನನಗೆ ವಹಿಸಿದಳು. ‘ಬ್ಯಾರೆ ಏನೂ ಮುಟ್ಟಬ್ಯಾಡ’ ಎಂದೂ ಹೇಳಿದ್ದಳು. ಆದರೆ ಟ್ಯೂಬ್ ಹಾಕುವುದೆಂದರೆ ತೊಟ್ಟಿಯನ್ನು ಮುಟ್ಟುವುದಲ್ಲವಲ್ಲ, ಅದರ ಮೇಲಿನ ಗಾಳಿಯನ್ನು ಮುಟ್ಟುವುದು! ಮೊದಲನೆಯ ದಿನವೇ ನಾಲ್ಕು ಟ್ಯೂಬಿನ ಪಟ್ಟಿ ಕೂಡಿಸಿದೆ. ಉಪ್ಪುನೀರಿನ ಹಸಿ ತಾಗದಂತೆ ಚೋಕ್‌ಗಳನ್ನು ದೂರವಿಟ್ಟೆ, ಜೋಡಣೆಗೆಲ್ಲ ರಬ್ಬರು ಸುತ್ತಿದೆ. ಹಳೆಯ ಎಲ್‌ಇಡಿಯನ್ನೂ ಪೂರ್ತಿ ಏರಿಸಿದೆ. ಅರ್ಧ ಉರಿಸಲು ಯಾರಾದರೂ ದೀಪ ಕೊಳ್ಳುತ್ತಾರೆಯೇ? ಬಾಗಿಲು ತೆರೆದಾಗಿನಿಂದ ಮುಚ್ಚುವತನಕ ಐದೂ ದೀಪ ಉರಿದವು. ಗಾರೆ ನೆಲದಲ್ಲಿ ಮುಖ ಕಾಣುವಷ್ಟು ಬೆಳಕು.

ಮೂರನೆಯ ದಿನಕ್ಕೆ ಹವಳ ತಿಳಿಯಾಗತೊಡಗಿತು. ಐದನೆಯ ದಿನಕ್ಕೆ ಬೆಳ್ಳಗಾಯಿತು. ಹಲ್ಲಿನ ದವಾಖಾನೆಯಲ್ಲಿ ಕೂತವರಿಗೆ ಬೆಳ್ಳಗಾಗುವುದಕ್ಕಿಂತ ದೊಡ್ಡ ಶುಭವಾರ್ತೆ ಬೇರೆ ಉಂಟೇ? ಅಲ್ಲಿ ಕೆಲಸ ಮಾಡುವ ಶಾಂತಕ್ಕ, ‘ಏನ್ರಿ ಸಾವಕಾರ್ರ, ಇದಕ್ಕೂ ಕ್ಲೀನಿಂಗ್ ಮಾಡಿಬಿಟ್ರೇನು?’ ಎಂದು ಕೆನ್ನೆಗೆ ಕೈಹಚ್ಚಿದಳು. ‘ನಾಲ್ಕು ವರ್ಷದ ಮೈಲಿಗಿ ಬೆಳಕಿಗೇ ಕಿತ್ತು ಹೋತು ನೋಡವ್ವ’ ಎಂದೆ. ಬದಲಿ ಡಾಕ್ಟರಿಗಾಗಿ ಕಾದು ಕೂತವರಿಗೆಲ್ಲ ಕರೆದು ತೋರಿಸಿದೆ. ಹೊರ್ತಿಯಲ್ಲಿ ಒಣದ್ರಾಕ್ಷಿ ಶೆಡ್ ಇಟ್ಟ ರಜಾಕ್‌ಸಾಬರೊಬ್ಬರು ಮಾತ್ರ, ಊದಿದ ದವಡೆಯನ್ನು ಹಿಡಿದುಕೊಂಡೇ ತೊಟ್ಟಿಯ ಹತ್ತಿರ ಬಗ್ಗಿ, ‘ಬಣ್ಣ ಹಾರಾಕತ್ತೈತ್ರಿ ಇದರದು. ನನಗ್ಯಾಕೋ ಚಲೋ ಕಾಣವಲ್ದು’ ಎಂದರು. ‘ಸಾಹೇಬ್ರ, ನೀವು ನಿಮ್ಮ ಹಲ್ಲು ನೋಡಕೋರಿ, ಬೆಳಕ ನನಗ ಬಿಡ್ರಿ’ ಎಂದೆ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲು ಸಲಹೆಯನ್ನೂ ಕೊಟ್ಟೆ.

ಆರನೆಯ ದಿನ ಶಾಂತಕ್ಕ ಆ ಬಿಳುಪಿನ ಫೋಟೋ ತೆಗೆದು ಶೈಲಾಳಿಗೆ ಕಳಿಸಿದಳು, ನನ್ನನ್ನು ಹೊಗಳುವ ಸಲುವಾಗಿಯೇ. ಎರಡು ನಿಮಿಷದಲ್ಲಿ ನನ್ನ ಫೋನ್ ಬಡಿದುಕೊಂಡಿತು.

‘ಅಪ್ಪಾ, ಮೊದಲ ಟ್ಯೂಬ್ ಬಂದ್ ಮಾಡ.’

‘ಯಾಕವ್ವ, ಎಷ್ಟು ಛಂದ ಬೆಳ್ಳಗ...’

‘ಅದು ಸಾಯಾಕತ್ತೈತಿ ಅಪ್ಪಾ!’

ಓಡಿ ನಾಲ್ಕೂ ಟ್ಯೂಬಿನ ಸ್ವಿಚ್ ಆರಿಸಿದೆ. ಮೂವತ್ತು ವರ್ಷದ ಕಸುಬಿನಲ್ಲಿ ನನಗೆ ಕರೆಂಟು ಹೊಡೆದಿದೆ, ಏಣಿಯಿಂದ ಬಿದ್ದಿದ್ದೇನೆ, ಆದರೆ ಉರಿಯುವ ದೀಪವನ್ನು ಹೀಗೆ ಹೆದರಿ ಆರಿಸಿದ್ದಿಲ್ಲ. ಅವಳು ಫೋನಿನಲ್ಲೇ ತಿಳಿಸಿ ಹೇಳಿದಳು. ‘ಅದರ ಮೈಯಾಗ ಕಣ್ಣಿಗೆ ಕಾಣದಂಥ ಪಾಚಿ ಇರ್ತಾವ. ಅವ ಬೆಳಕಿನಾಗ ಅಡಗಿ ಮಾಡಿ ಅದಕ್ಕ ಉಣಸ್ತಾವ. ಬಣ್ಣನೂ ಅವರದ. ನೀ ಏಕದಮ್ ಅಷ್ಟು ಬೆಳಕ ಸುರದ್ರ ಅಡಗಿಯವರ ಕೈಯಿಂದ ತಡಕೊಳ್ಳಾಕ ಆಗಂಗಿಲ್ಲ, ಹವಳ ಅವರನ್ನ ಹೊರಗ ಹಾಕತೈತಿ. ಈಗ ನಿನಗ ಕಾಣಾಕತ್ತಿದ್ದು ಅದರ ಎಲುಬು.’ ಎಲುಬು! ಎರಡು ದಿನ ನಾನು ಊರ ಮಂದಿಯನ್ನೆಲ್ಲ ಕರೆದು ಮಗಳ ಹವಳದ ಎಲುಬು ತೋರಿಸಿದ್ದೆ. ‘ಈಗೇನ ಮಾಡ್ಲವ್ವ?’ ಎಂದರೆ, ‘ಏಕದಮ್ ಕತ್ತಲಿನೂ ಆಗಬಾರ್ದು. ಎಲ್‌ಇಡಿ ಇಳಸಿದ್ರೂ ಈಗ ಅದಕ್ಕ ಹೆಚ್ಚ, ಬೆಳಕ ಸೋಸಿ ಕೊಡಬೇಕು. ಜಾಳಗಿ ಅರಿವಿ ಏನರ ಸಿಗತೈತೇನು ನೋಡ’ ಎಂದಳು.

‘ಜಾಳಗೀನಾ?’ ಎಂದು ನಾನು ಫೋನಿನಲ್ಲಿ ಕೂಗಿದ ಕೂಡಲೇ ಬಾಗಿಲ ಹತ್ತಿರ ಕೂತಿದ್ದ ರಜಾಕ್‌ಸಾಬರು ತಲೆ ಎತ್ತಿದರು. ಅಂದು ಅವರ ಹಲ್ಲು ಕೀಳುವ ದಿನ. ‘ಅಲ್ರಿ, ನಾವು ದ್ರಾಕ್ಷಿ ನೆಟ್ಟಗ ಬಿಸಲಿಗೆ ಹಾಕ್ತೀವೇನ್ರಿ? ಹಸರ ಹೋಗಿ ಕರ್ರಗಾಗಿ ಕೂಡ್ತಾವ. ಶೆಡ್ಡಿನ ಸುತ್ತ ನೆರಳಿನ ಜಾಳಗಿ ಕಟ್ಟೇ ಒಣಗಸ್ತೀವಿ. ನಿಮಗೂ ಅದ ಬೇಕ್ರಿ’ ಎಂದರು. ಹಲ್ಲನ್ನು ನಾಳೆಗೆ ಬಿಟ್ಟು ನನ್ನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೊರ್ತಿಗೆ ಹೊಡೆದರು. ಶೆಡ್ಡಿನಲ್ಲಿ ಹೊಸ ಹಸಿರು ಜಾಳಿಗೆಯ ತುಂಡು ಕತ್ತರಿಸಿ ಕೈಗಿಟ್ಟಾಗ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ‘ಸ್ವಲ್ಪ ಕಡಿಮಿ ಮಾಡ್ರಿ ಸಾಹೇಬ್ರ’ ಎಂದುಬಿಟ್ಟೆ. ಅವರು ದವಡೆ ಹಿಡಿದುಕೊಂಡು ನನ್ನನ್ನೇ ನೋಡಿದರು. ‘ಪುಕ್ಕಟೆ ಕೊಡಾಕತ್ತೇನ್ರಿ. ಇನ್ನೆಷ್ಟು ಕಡಿಮಿ ಮಾಡ್ಲಿ?’

ಜಾಳಿಗೆಯನ್ನು ತೊಳೆದು ಆರು ಮಡಿಕೆ ಮಾಡಿ ತೊಟ್ಟಿಯ ಮೇಲೆ ಹಾಸಿದೆವು. ಶೈಲಾ ತರಬೇತಿ ಬಿಟ್ಟು ಮರುದಿನವೇ ಬಂದಳು. ಟಾರ್ಚು ಹಿಡಿದು ಒಂದೊಂದೇ ಟೊಂಗೆ ನೋಡಿದಳು. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಹೆದರಿದೆ. ಮೂರು ವಾರ ಏನೂ ಬದಲಾಗಲಿಲ್ಲ. ಪ್ರತಿ ಭಾನುವಾರ ಸಿಂದಗಿಯಿಂದ ಬಸ್ಸು ಹಿಡಿದು ಬಂದು ಆ ಗಾಜಿನ ಮುಂದೆ ಹಲ್ಲುನೋವಿನವರ ಸಾಲಿನಲ್ಲಿ ತೆಪ್ಪಗೆ ಕೂತು ಹೋಗುತ್ತಿದ್ದೆ. ನಾಲ್ಕನೆಯ ಭಾನುವಾರ ಅವಳೇ ಕರೆದಳು. ‘ಇಲ್ಲಿ ಬಾ, ಬುಡದಾಗ ನೋಡ.’ ಉಗುರಿನಷ್ಟು ಜಾಗದಲ್ಲಿ ನೇರಳೆ ಬಣ್ಣ. ಒಂದು ಟೊಂಗೆ ಹೋಯಿತು, ಅದು ಇವತ್ತಿಗೂ ಬೆಳ್ಳಗೆ ನಿಂತಿದೆ. ಉಳಿದದ್ದು ಬದುಕಿತು. ಜಾಳಿಗೆಯ ಒಂದೊಂದೇ ಮಡಿಕೆ ತೆಗೆಯುತ್ತ ಬಂದಳು. ಕೊನೆಗೆ ನನ್ನ ಟ್ಯೂಬುಗಳನ್ನೂ ಹಚ್ಚಿದಳು: ಎರಡೇ, ದಿನಕ್ಕೆ ನಾಲ್ಕೇ ತಾಸು, ಎಲ್‌ಇಡಿಯನ್ನು ಅಷ್ಟೇ ಇಳಿಸಿ. ಈಗ ಬುಡವೂ ನೇರಳೆ. ‘ನಿನ್ನ ಹಿಕಮತ್ತು ಖರೇ ಅಪ್ಪಾ, ಅಳತಿ ಅಷ್ಟ ಖರೇ ಅಲ್ಲ’ ಎಂದಳು. ನಾನು ಮೊದಲರ್ಧವನ್ನಷ್ಟೇ ಗಿರಾಕಿಗಳಿಗೆ ಹೇಳುತ್ತೇನೆ.

ಹೋದ ಭಾನುವಾರ ನೋಡಿದರೆ ಜಾಳಿಗೆಯ ಒಂದು ಮಡಿಕೆ ಹಾಗೇ ಇದೆ, ಅದೂ ನಾಲ್ಕು ಮೂಲೆಗೆ ಬಿಗಿದು ಕಟ್ಟಿದ್ದು. ‘ಇದನ್ನ ಯಾವಾಗ ತಗೀತಿ? ಹವಳ ಆರಾಮ ಆತಲ್ಲ?’ ಎಂದೆ. ‘ಹವಳಕ್ಕ ಬೇಕಾಗಿಲ್ಲ. ನಿನ್ನ ಕೈ ಒಳಗ ಹೋಗಬಾರ್ದಂತ ಬಿಟ್ಟೇನಿ’ ಎಂದಳು. ಶಾಂತಕ್ಕ ಬಾಯಿಗೆ ಸೆರಗು ಹಚ್ಚಿದಳು. ಕಟ್ಟಿದ ಗಂಟು ಸರಿಯಾಗಿಲ್ಲ, ಸಡಿಲಾಗುತ್ತದೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ತುಟಿ ಬಿಚ್ಚಲಿಲ್ಲ. ಹಾಗೇ ಬಾಯಿ ಬಿಗಿಹಿಡಿದು ಸಿಂದಗಿಯ ಬಸ್ಸು ಹತ್ತಿ ಕೂತೆ. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ಅವರ ಬಸ್ಸಿನೊಳಗಿನ ದೀಪ ಯಾಕೆ ತಪ್ಪು ಜಾಗದಲ್ಲಿದೆ ಎಂದು ವಿವರಿಸಲು ಶುರುಮಾಡಿದಾಗ ಬಸ್ಸಿನ್ನೂ ಇಂಡಿ ದಾಟಿರಲಿಲ್ಲ.