ನೀನೇ ನೀನು ಅನ್ನೋದಕ್ಕೆ ಏನು ಸಾಕ್ಷಿ?

ನಮ್ಮ ಸೋದರಮಾವನಿಗೆ ಫೋನ್ ಮಾಡಬೇಕಾದರೆ ಪರೀಕ್ಷೆಗೆ ಓದಿಕೊಂಡ ಹಾಗೆ ಓದಿಕೊಂಡೇ ಮಾಡಬೇಕು! ಅವರಿರುವುದು ಹೊಳೆನರಸೀಪುರದಲ್ಲಿ, ನಾನಿರುವುದು ಹಾಸನದಲ್ಲಿ. "ಮಾವ, ನಾನು" ಎಂದರೆ ಆ ಕಡೆಯಿಂದ "ಚೆನ್ನಾಗಿದ್ದೀಯೇನೋ" ಎಂಬ ಮಾತು ಬರುವುದಿಲ್ಲ. "ನೀನೇ ನೀನು ಅನ್ನೋದಕ್ಕೆ ಏನು ಸಾಕ್ಷಿ?" ಎಂಬ ಪ್ರಶ್ನೆ ಬರುತ್ತದೆ. ನಾನೇ ನಾನು ಎಂಬುದಕ್ಕೆ ನನ್ನ ಹತ್ತಿರ ಏನು ಸಾಕ್ಷಿಯಿದೆ, ನೀವೇ ಹೇಳಿ? ಋಷಿಮುನಿಗಳು ಬೆಟ್ಟ ಹತ್ತಿ ಕೂತು ಉತ್ತರ ಹುಡುಕಿದ ಪ್ರಶ್ನೆಯನ್ನು ನನ್ನಂಥ ಹೈಸ್ಕೂಲ್ ಮೇಷ್ಟ್ರು, ಅದೂ ಎಸ್‌ಟಿಡಿ ಬೂತಿನ ಮೀಟರು ಓಡುತ್ತಿರುವಾಗ, ನಿಂತ ನಿಲುವಿನಲ್ಲಿ ಬಗೆಹರಿಸಬೇಕು!

ಇದರಲ್ಲಿ ಅವರ ತಪ್ಪೇನೂ ಇಲ್ಲ, ತಪ್ಪೆಲ್ಲ ನೌಕರಿಯದು. ಜಮೀನು, ಮನೆಗಳ ಪತ್ರ ನೋಂದಣಿ ಮಾಡುವ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತರಾಗಿದ್ದವರು ಅವರು. ಅಲ್ಲಿ ಬಂದವನು "ನಾನು ಇಂಥವನು" ಎಂದರೆ ಸಾಲದು. "ಹೌದು, ಇವನು ಇಂಥವನೇ" ಎಂದು ಗುರುತಿಸಲು ಇಬ್ಬರು ಬೇಕು. ಮನೆಗೆ ಬಂದ ನೆಂಟರ ಹಿಂದೆ ಸಾಕ್ಷಿಗಳು ಯಾರಾದರೂ ಬಂದಿದ್ದಾರೆಯೇ ಎಂದು ಮಾವ ಬಾಗಿಲಾಚೆ ಇಣುಕುವುದನ್ನು ನಾನೇ ನೋಡಿದ್ದೇನೆ. ತಮ್ಮದೇ ಮದುವೆಯ ಮಂಟಪದಲ್ಲಿ ಅಂತರಪಟ ಸರಿಸಿದಾಗ ಪುರೋಹಿತರ ಕಡೆ ತಿರುಗಿ, "ಇವಳೇ ಆ ಹುಡುಗಿ ಅನ್ನೋದಕ್ಕೆ ಸಾಕ್ಷಿ?" ಎಂದು ಕೇಳಿದ್ದರಂತೆ. ಇದು ನಮ್ಮಮ್ಮ ಹೇಳುವ ಕಥೆ. ಅಣ್ಣನ ವಿಷಯದಲ್ಲಿ ಅಮ್ಮ ಹೇಳಿದ್ದನ್ನೆಲ್ಲ ಅರ್ಧ ಕಳೆದೇ ನಂಬಬೇಕು.

ಆದರೆ ಈ ಹುಚ್ಚು ಫೋನಿಗೆ ಹತ್ತಿದ್ದು ಅತ್ತೆಯ ಎರಡು ಬಳೆಗಳಿಂದ. ತೊಂಬತ್ತರ ದಶಕದ ಮಧ್ಯದಲ್ಲಿ ಮಾವನ ಮನೆಗೆ ಫೋನು ಬಂತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಬಂದ ಫೋನು. ಅತ್ತೆ ಅದಕ್ಕೆ ಕುಂಕುಮವಿಟ್ಟು, ತಾವೇ ದಾರದಲ್ಲಿ ಹೆಣೆದ ಹೊದಿಕೆ ಹೊದಿಸಿ, ಮನೆಗೆ ಬಂದ ಸೊಸೆಯ ಹಾಗೆ ನೋಡಿಕೊಂಡರು. ಮಾವ ಆಗ ದಿನಾ ಬಸ್ಸಿನಲ್ಲಿ ಅರಕಲಗೂಡಿನ ಕಚೇರಿಗೆ ಹೋಗಿ ಬರುತ್ತಿದ್ದರು. ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು.

"ಅಮ್ಮಾ, ನಿಮ್ ಯಜಮಾನ್ರು ಬಸ್‌ಸ್ಟ್ಯಾಂಡ್ನಾಗೆ ತಲೆ ತಿರುಗಿ ಬಿದ್‌ಬುಟ್ಟವ್ರೆ. ಆಸ್ಪತ್ರೆಗೆ ಸೇರ್ಸಿವ್ನಿ. ಬಿರ್‍ನೆ ದುಡ್ಡು ಬೇಕು. ನಮ್ಮೋರೊಬ್ರು ನಿಮ್ಮನೆ ತಾವ ಬತ್ತಾವ್ರೆ, ಅವ್ರ ಕೈಲಿ ಕೊಟ್ಬುಡಿ. ಯಾರ್ಗೂ ಏಳಾಕೆ ಓಗ್ಬ್ಯಾಡಿ, ಸುಮ್ಕೆ ಗಾಬ್ರಿ ಬೀಳ್ತಾರೆ."

ಐದೇ ನಿಮಿಷಕ್ಕೆ ಬಿಳಿ ಪಂಚೆಯ ಗಂಭೀರ ಮನುಷ್ಯನೊಬ್ಬ ಬಾಗಿಲಲ್ಲಿ ನಿಂತ. ಮನೆಯಲ್ಲಿ ದುಡ್ಡಿರಲಿಲ್ಲ. ಅತ್ತೆ ಎರಡೂ ಕೈಯ ಚಿನ್ನದ ಬಳೆ ಬಿಚ್ಚಿ ಕೊಟ್ಟರು. ಅಷ್ಟೇ ಅಲ್ಲ, "ಬಿಸಿಲಲ್ಲಿ ಬಂದಿದ್ದೀರಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ" ಎಂದರು. ಅವನು ಕುಡಿದೂ ಹೋದ!

ಸಾಯಂಕಾಲ ಮಾವ ಗುಂಡುಕಲ್ಲಿನ ಹಾಗೆ, ಕೈಯಲ್ಲಿ ಹುರುಳಿಕಾಯಿ ಚೀಲ ಹಿಡಿದು ಮನೆಗೆ ಬಂದರು. ಜೀವಂತ ಗಂಡನನ್ನು ಕಂಡು ಅತ್ತೆ ಗೊಳೋ ಎಂದು ಅತ್ತರು. ಬರಿಗೈ ಹೆಂಡತಿಯನ್ನು ಕಂಡು ಮಾವ ಕೂಗಾಡಿದರು.

"ನನ್ನ ಹೆಸರು ಹೇಳಿದ ತಕ್ಷಣ ಬಿಚ್ಚಿ ಕೊಟ್ಟುಬಿಡೋದೇನೇ?"

"ಇನ್ಯಾರ ಹೆಸರು ಹೇಳಿದ್ರೆ ಕೊಡಲಿ ರೀ?"

ಬಳೆ ಮತ್ತೆ ಸಿಗಲೇ ಇಲ್ಲ.

ಅವತ್ತಿನಿಂದ ಮನೆಯಲ್ಲಿ ಕಾನೂನು ಜಾರಿಗೆ ಬಂತು. ಯಾರೇ ಫೋನ್ ಮಾಡಲಿ, ಸ್ವತಃ ಮಾವನೇ ಮಾಡಲಿ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಬೇಕು. ಕಾನೂನು ಮಾಡಿದ ವಾರಕ್ಕೇ ಮಾವ ಅದಕ್ಕೆ ಸಿಕ್ಕಿಬಿದ್ದರು! ಕಚೇರಿಯಿಂದ ಫೋನ್ ಮಾಡಿ, "ಇವತ್ತು ಬರೋದು ತಡ ಆಗುತ್ತೆ" ಎಂದರು.

"ಸಾಕ್ಷಿ ಹೇಳಿ. ಬೆಳಿಗ್ಗೆ ನಿಮ್ಮ ಡಬ್ಬಿಗೆ ಏನು ಕಟ್ಟಿದ್ದೆ?" ಎಂದರು ಅತ್ತೆ.

"ಅನ್ನ."

"ಯಾವ ಅನ್ನ?"

"ಅನ್ನ ಅಂದ್ರೆ ಅನ್ನ ಕಣೇ! ಅದರಲ್ಲಿ ಯಾವ್ದು ಅಂತ ಬೇರೆ ಇರುತ್ತಾ?"

ಅತ್ತೆ ಫೋನ್ ಇಟ್ಟೇಬಿಟ್ಟರು. ಕಟ್ಟಿದ್ದು ನೆಲ್ಲಿಕಾಯಿ ಚಿತ್ರಾನ್ನ, ಮಾವನಿಗೆ ಬಹಳ ಇಷ್ಟ ಎಂದು ಅತ್ತೆ ಬೆಳಿಗ್ಗೆ ಬೇಗ ಎದ್ದು ಮಾಡಿದ್ದು. ಮಾವ ಕಡತ ನೋಡುತ್ತಾ ಡಬ್ಬಿ ಖಾಲಿ ಮಾಡಿದ್ದರು. ಮನೆಗೆ ಬಂದಾಗ ಬಾಗಿಲು ತೆಗೆದರಂತೆ, ಕಾಫಿ ಮಾತ್ರ ಕೊಡಲಿಲ್ಲವಂತೆ. ಈ ಕಥೆಯನ್ನು ಅತ್ತೆ ಹಬ್ಬಹಬ್ಬಕ್ಕೂ ಹೇಳಿ ನಗುತ್ತಿದ್ದರು, ಮಾವನೂ ನಗುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಒಂದೆರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಮಕ್ಕಳಿರಲಿಲ್ಲ. ಮಾವ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆ ಮನೆಯಲ್ಲಿ ಆಮೇಲೆ ಮಾತಾಡುತ್ತಿದ್ದುದು ಎರಡೇ, ರೇಡಿಯೋ ಮತ್ತು ಫೋನು. ರೇಡಿಯೋಗೆ ಪ್ರಶ್ನೆ ಕೇಳಲು ಬರುವುದಿಲ್ಲವಲ್ಲ! ಮಾವ ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆದುಕೊಂಡರು. ಪೇಪರ್ ಅಲ್ಲೇ, ಕಾಫಿ ಅಲ್ಲೇ, ಊಟವೂ ಅಲ್ಲೇ. ಫೋನು ಒಂದು ಸಲ ಪೂರ್ತಿ ಹೊಡೆದುಕೊಳ್ಳುವುದಕ್ಕೂ ಬಿಡುತ್ತಿರಲಿಲ್ಲ. ಎತ್ತಿದವರೇ ಪ್ರಶ್ನೆ. ಪ್ರಶ್ನೆಗಳೆಲ್ಲ ಅತ್ತೆಯವು. ನಿಮ್ಮತ್ತೆಗೆ ಯಾವ ಒಬ್ಬಟ್ಟು ಇಷ್ಟ? ನಿಮ್ಮತ್ತೆ ಬಟ್ಟೆ ಒಣಹಾಕುವಾಗ ಏನು ಗುನುಗುತ್ತಿದ್ದಳು? ನಾವೋ, ಬೇಗ ಮಾತು ಮುಗಿಸುವವರು. ತಲೆ ಕೆರೆದುಕೊಂಡು ಹೇಗೋ ಪಾಸಾಗುತ್ತಿದ್ದೆವು.

ಗ್ಯಾಸ್ ಏಜೆನ್ಸಿಯ ಹೆಣ್ಣುಮಗಳು ಪಾಸಾಗಲಿಲ್ಲ. "ಸಾರ್, ಸಿಲಿಂಡರ್ ಬಂದಿದೆ, ಮನೇಲಿರ್ತೀರಾ?" ಎಂದು ಕೇಳಿದಳಂತೆ. "ಮನೇಲಿರ್ತೀರಾ ಅಂತ ಕೇಳೋದು ಕಳ್ಳರು!" ಎಂದು ಮಾವ ಇಟ್ಟುಬಿಟ್ಟರು. ಮೂರು ವಾರ ಸೀಮೆಎಣ್ಣೆ ಸ್ಟೌವಿನ ಹೊಗೆ ಕುಡಿದರು.

ಆದರೆ ಹೊಗಳಬೇಕಾದ್ದನ್ನು ಹೊಗಳಲೇಬೇಕು. ಮೊಬೈಲು ಬಂದು, ಊರೂರಲ್ಲಿ ಜನಕ್ಕೆ ಫೋನಿನಲ್ಲೇ ಟೋಪಿ ಹಾಕುವ ಕಾಲ ಬಂದಾಗ ನಮ್ಮ ನೆಂಟರಿಷ್ಟರಲ್ಲಿ ಪಂಗನಾಮ ಹಾಕಿಸಿಕೊಳ್ಳದೆ ಉಳಿದವರು ಮಾವನೊಬ್ಬರೇ. ಒಂದು ದಿನ ನಾನು ಎದುರಿಗಿದ್ದಾಗಲೇ ಫೋನ್ ಬಂತು. "ಕಂಗ್ರಾಚುಲೇಷನ್ಸ್ ಸಾರ್! ನಿಮ್ಮ ನಂಬರಿಗೆ ಕಾರು ಬಂದಿದೆ! ಇವತ್ತೇ ಟ್ಯಾಕ್ಸ್ ಕಟ್ಟಿಬಿಡಿ."

"ಸಂತೋಷ," ಎಂದರು ಮಾವ. "ನಮ್ಮನೆಯವಳು ಮುಡೀತಿದ್ದದ್ದು ಮಲ್ಲಿಗೆನೋ ಕಾಕಡಾನೋ?"

"ಮಲ್ಲಿಗೆ ಸಾರ್! ಬೇಗ ಕಟ್ಟಿ ಸಾರ್, ಟೈಮಿಲ್ಲ."

"ಇರಪ್ಪ. ಗುರುತಿಸೋರು ಇಬ್ಬರು ಬೇಕು. ನಿನ್ನ ಕಡೆಯೋರನ್ನ ಲೈನಿಗೆ ಕರಿ. ತಂದೆ ಹೆಸರು, ವಯಸ್ಸು, ಕಸುಬು ಹೇಳಲಿ."

ಆ ಕಡೆಯವನೇ ಇಟ್ಟುಬಿಟ್ಟ. ಕಾರು ಕೊಡಲು ಬಂದವನು ಹೆದರಿ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು! "ಥಟ್ ಅಂತ ಹೇಳಿದ ನೋಡು, ಅಲ್ಲೇ ಗೊತ್ತಾಯ್ತು ಕಳ್ಳ ಅಂತ," ಎಂದರು ಮಾವ. ಆಮೇಲೆ ರಿಸೀವರನ್ನು ಇಡದೆ ಸ್ವಲ್ಪ ಹೊತ್ತು ಹಿಡಿದೇ ಕೂತಿದ್ದರು. "ಇಷ್ಟು ಬೇಗ ಇಟ್ಟುಬಿಟ್ಟನಲ್ಲೋ" ಎಂದರು.

ಬಾಗೂರಿನಲ್ಲಿ ಮಾವನಿಗೊಂದು ಚಿಕ್ಕ ತೆಂಗಿನ ತೋಟವಿದೆ. ಅದನ್ನು ನೋಡಿಕೊಳ್ಳುವವನು ಒಮ್ಮೆ ಬೂತಿನಿಂದ ಫೋನ್ ಮಾಡಿದ. ಸಾಕ್ಷಿ ಕೇಳಿದ್ದಾಯಿತು. ಅಮ್ಮಾವ್ರು ನಿನಗೆ ಕಾಫಿ ಎಷ್ಟು ಕೊಡುತ್ತಿದ್ದರು?

"ಅದು... ಒಂದ್ ಲ್ವಾಟ ಸಾ. ಕುಡುದ್ ಮ್ಯಾಲೆ ಇನ್ನರ್ಧ ಲ್ವಾಟ ಉಯ್ಯೋರು. ನಿಮ್ ಸಾಯೇಬ್ರಿಗೆ ಏಳ್ಬ್ಯಾಡ ಕಣಪ್ಪಾ ಅನ್ನೋರು."

ಮಾವ "ಸರಿ, ಏನು ವಿಷಯ?" ಎಂದರು.

"ನಮ್ ಒಲ್ದಾಗೆ ಮೊಬೈಲ್ ಟವರ್ ನಿಲ್ಲುಸ್ತಾರಂತೆ ಸಾ. ತಿಂಗ್ಳು ತಿಂಗ್ಳು ಬಾಡಿಗೆಯಂತೆ. ಮುಂಗಡ ನಾವೇ ಕಟ್ಬೇಕಂತೆ, ಸಂಜೆ ಒಳ್ಗೆ. ಯಾರ್ಗೂ ಏಳ್ಬ್ಯಾಡಿ ಅಂದವ್ರೆ."

"ಯಾರಿಗೂ ಹೇಳ್ಬೇಡಿ ಅಂದಮೇಲೆ ನನಗ್ಯಾಕೋ ಹೇಳ್ದೆ?"

"ನಿಮ್ಗೆ ಫೋನ್ ಮಾಡೋರು ಯಾರವ್ರೆ ಸಾ, ನೀವ್ ಯಾರ್ಗೇಳ್ತೀರ?"

ಮಾವ ಅವನಿಗೆ ಪಾಠ ಮಾಡಿದರು. ಅವಸರ ಮಾಡಿದರೆ ಕಳ್ಳ, ಯಾರಿಗೂ ಹೇಳಬೇಡ ಎಂದರೆ ಕಳ್ಳ, ಕೊಡುತ್ತೇನೆ ಎಂದು ಬಂದವನು ಮೊದಲು ನಿನ್ನನ್ನೇ ದುಡ್ಡು ಕೇಳಿದರೆ ಕಳ್ಳರ ಅಪ್ಪ. ತೋಟದವನ ದುಡ್ಡು ಉಳಿಯಿತು. ಆದರೆ ಅವನು ಹೇಳಿದ್ದೂ ನಿಜವೇ. ಮಾವನಿಗೆ ಫೋನ್ ಮಾಡುವವರು ಒಬ್ಬೊಬ್ಬರಾಗಿ ಕಡಿಮೆಯಾಗಿದ್ದರು. ದಿನಾ ಪರೀಕ್ಷೆ ಯಾರಿಗೆ ಬೇಕು?

ಕೊನೆಗೆ ಚನ್ನರಾಯಪಟ್ಟಣದಲ್ಲಿರುವ ನಮ್ಮಮ್ಮನೂ ಬಿಟ್ಟಳು. ಗೌರಿ ಹಬ್ಬದ ದಿನ, ತವರಿಗೆ ಅಂತ ಉಳಿದಿರುವುದು ಇವನೊಬ್ಬನೇ ಎಂದು ತಾನೇ ಫೋನ್ ಮಾಡಿದ್ದಳು. "ಅತ್ತಿಗೆ ನಿನಗೆ ಗೌರಿಹಬ್ಬಕ್ಕೆ ಉಡಿಸಿದ ಮೊದಲನೇ ಸೀರೆ ಯಾವ ಬಣ್ಣ?" ಎಂಬ ಪ್ರಶ್ನೆ ಬಂತು. "ಹಸಿರು!" ಎಂದಳು ಅಮ್ಮ. "ಥಟ್ ಅಂದೆ. ನೀನು ನನ್ನ ತಂಗಿ ಅಲ್ಲ," ಎಂದು ಮಾವ ಇಟ್ಟುಬಿಟ್ಟರು!

ಅಮ್ಮ ಕೆಂಡವಾದಳು. "ಒಡಹುಟ್ಟಿದೋಳು ಕಣೋ ನಾನು! ಹಬ್ಬದ ದಿನ ಸಾಕ್ಷಿ ಕೊಟ್ಟು ತಂಗಿ ಅನ್ನಿಸ್ಕೋಬೇಕಾ? ಇನ್ನು ಅವನಾಗಿ ಮಾಡೋವರೆಗೂ ನಾನು ಮಾಡಲ್ಲ." ಅವರಾಗಿ ಮಾಡುವವರಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಯುಗಾದಿಗೆ ಮುಂಚೆ ಒಂದು ಭಾನುವಾರ ನಾನು ಸಂಧಾನಕ್ಕೆಂದು ಹೊಳೆನರಸೀಪುರಕ್ಕೆ ಹೊರಟೆ. ಮಾವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಮಾವ ಒಳಗೆ ಕಾಫಿ ಬೆರೆಸುತ್ತಿದ್ದರು. ಅಮ್ಮನಿಗೆ ಇಲ್ಲಿಂದಲೇ ಫೋನ್ ಹಚ್ಚಿಬಿಡೋಣ ಎಂದುಕೊಂಡು, ಫೋನಿನ ಕೆಳಗಿದ್ದ ನಂಬರುಗಳ ಪುಸ್ತಕ ತೆಗೆದೆ. ನಂಬರುಗಳ ಕೆಳಗೆ ಮಾವನ ಕಚೇರಿ ಅಕ್ಷರದಲ್ಲಿ ಏನೇನೋ ಬರೆದಿತ್ತು. ತೋಟದವನ ಪುಟದಲ್ಲಿ: "ಒಂದು ಲೋಟದ ಮೇಲೆ ಅರ್ಧ ಲೋಟ. ನನಗೆ ಹೇಳಬೇಡ ಎಂದಿದ್ದಾಳೆ." ನನ್ನ ಪುಟದಲ್ಲಿ: "ಕಾಯಿ ಒಬ್ಬಟ್ಟು. ಬೇಳೆಯದನ್ನು ನನಗಾಗಿ ಮಾಡುತ್ತಿದ್ದಳಂತೆ." ಅಮ್ಮನ ಪುಟದಲ್ಲಿ: "ಹಸಿರು ಸೀರೆ. ಖಚಿತವಿಲ್ಲ."

ಕಾಫಿ ಹಿಡಿದು ಬಂದ ಮಾವನನ್ನು ಕೇಳಿದೆ. "ಉತ್ತರ ನಿಮಗೆ ಗೊತ್ತಿದ್ದೇ ತಾನೇ ಕೇಳ್ತಿದ್ರಿ?"

"ಗೊತ್ತಿದ್ದಿದ್ರೆ ಯಾಕೋ ಕೇಳ್ತಿದ್ದೆ?"

"ಮತ್ತೆ ಕಳ್ಳರನ್ನ ಹೇಗೆ ಹಿಡೀತಿದ್ರಿ?"

"ಸುಳ್ಳು ಹೇಳೋನು ಥಟ್ ಅಂತ ಹೇಳ್ತಾನೆ. ಅವಳನ್ನ ಕಂಡಿದ್ದೋರು ಒಂದು ಚೂರು ತಡೀತಾರೆ. ಜ್ಞಾಪಿಸ್ಕೊಂಡು ಹೇಳ್ತಾರೆ." ಮಾವ ಫೋನಿನ ಹೊದಿಕೆ ಸರಿಮಾಡುತ್ತಾ ಕೂತರು. "ಡಬ್ಬಿಗೆ ಏನು ಕಟ್ಟಿದ್ದೆ ಅಂತ ಕೇಳಿದಳಲ್ಲ, ಅವತ್ತು ನಗು ಬಂತು. ಈಗ ಕೂತು ಯೋಚನೆ ಮಾಡಿದ್ರೆ... ಅಷ್ಟು ವರ್ಷ ಜೊತೇಲಿದ್ದೆ. ಅವಳನ್ನ ಗುರುತಿಸೋಕೆ ನನ್ನನ್ನೇ ಸಾಕ್ಷಿಗೆ ಕರೆದ್ರೆ ನಾನು ಫೇಲು ಕಣೋ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ! ನನಗೆ ಅಳು ಬಂತು. ಕಾಫಿ ಬಿಸಿಯಿದೆ ಎಂದು ನೆವ ಹೇಳಿದೆ.

ಅಮ್ಮನಿಗೆ ಇದನ್ನು ಹೇಳಿದೆ. "ಸೀರೆ ಬಣ್ಣ ನನಗೆ ನೆನಪೇ ಇರ್ಲಿಲ್ಲ ಕಣೋ. ಬಾಯಿಗೆ ಬಂದದ್ದು ಹೇಳ್ದೆ," ಎಂದಳು. ಅಂದರೆ ಕಳ್ಳಿ ನಮ್ಮಮ್ಮನೇ! ಮಾರನೇ ದಿನ ತಾನೇ ಫೋನ್ ಮಾಡಿ, "ಅಣ್ಣಾ, ತಡಿ, ಇಡಬೇಡ, ಜ್ಞಾಪಿಸ್ಕೊಳ್ತಾ ಇದೀನಿ" ಎಂದಳಂತೆ. ಮಾವ ತಡೆದರಂತೆ.

ಈಗ ನಾನು ವಾರಕ್ಕೊಮ್ಮೆ, ಪ್ರಶ್ನೆಗೆ ಕಾಯದೆ, ಅತ್ತೆಯ ಒಂದೊಂದು ಸಂಗತಿ ನೆನಪಿಸಿಕೊಂಡು ಹೇಳುತ್ತೇನೆ. ಆದರೆ ಬೇಸಿಗೆ ರಜೆಗೆ ಹೋಗಿ ಬರುತ್ತಿದ್ದ ಅಳಿಯನ ಬಳಿ ನೆನಪು ಎಷ್ಟಿರುತ್ತದೆ? ಹೋದ ತಿಂಗಳು ಅದೂ ಮುಗಿದೇಹೋಯಿತು. ಮಾವ ಆ ಕಡೆ ಕಾಯುತ್ತಿದ್ದರು. ಏನು ಮಾಡಲಿ? ಕಳ್ಳರು ಮಾಡುವುದನ್ನೇ ಮಾಡಿದೆ. ಅತ್ತೆ ತಮ್ಮ ತವರೂರು ನುಗ್ಗೇಹಳ್ಳಿಯ ದೇವಸ್ಥಾನಕ್ಕೆ ನನ್ನನ್ನು ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಒಂದು ಶಿಲ್ಪ ತೋರಿಸಿ, "ಇದು ನೋಡೋ, ನಿಮ್ಮ ಮಾವನ ಮೂಗು" ಎಂದು ನಕ್ಕಿದ್ದರು ಎಂದೆ. ಅತ್ತೆಯ ಜೊತೆ ನಾನು ಆ ದೇವಸ್ಥಾನಕ್ಕೆ ಹೋದದ್ದೇ ಇಲ್ಲ.

ಮಾವ ಮೆಲ್ಲಗೆ ಹೇಳಿದರು.

"ಥಟ್ ಅಂತ ಹೇಳ್ಬಿಟ್ಟೆ ಕಣೋ."

ಇನ್ನೇನು ಇಟ್ಟುಬಿಡುತ್ತಾರೆ ಎಂದು ಕಿವಿಗೊಟ್ಟು ಕಾದೆ. ಅವರು ಇಡಲಿಲ್ಲ.

"ಇರ್ಲಿ," ಎಂದರು. "ಇನ್ನೊಂದು ಹೇಳು."